ನೆರೆ ಎಂದು ಬರೆದ ಚೀಟಿ

ಪುರಸಭೆಯ ಟಪಾಲು ಮೇಜಿನ ಹಿಂದೆ ಕೂರುತ್ತಿದ್ದ ಹೆಂಗಸನ್ನು ಊರಿನವರು ಠಸ್ಸೆಯಮ್ಮ ಎಂದೇ ಕರೆಯುತ್ತಿದ್ದರು. ಮೂವತ್ತೊಂದು ವರ್ಷ ಅದೇ ಮೇಜು, ಅದೇ ಗಾಜಿನ ಕಿಂಡಿ, ಮರದ ಹಿಡಿಯ ಅದೇ ರಬ್ಬರ್ ಠಸ್ಸೆ. ಹಿಡಿ ಸವೆದು, ಅವಳ ಹೆಬ್ಬೆರಳು ಕೂರುವ ಜಾಗದಲ್ಲಿ ಸಣ್ಣದೊಂದು ಗುಳಿ ಬಿದ್ದಿತ್ತು. ಕಿಂಡಿಯಿಂದ ಕಾಗದ ಒಳಗೆ ಬಂದರೆ ತಲೆ ಎತ್ತುತ್ತಿರಲಿಲ್ಲ. ಎಡಗೈಯಲ್ಲಿ ಅದನ್ನು ನೇರ ಮಾಡಿ, ಬಲಮೂಲೆಯಲ್ಲಿ ಠಪ್ಪೆಂದು ಒತ್ತಿ, ಆವಕ ಪುಸ್ತಕದಲ್ಲಿ ನಂಬರು ಹಾಕಿ, ಆ ನಂಬರನ್ನು ಚೂರು ಕಾಗದದಲ್ಲಿ ಬರೆದು ಹೊರಗೆ ತಳ್ಳುತ್ತಿದ್ದಳು. ಕಾಗದದಲ್ಲಿ ಏನಿದೆ ಎಂದು ಓದುತ್ತಿರಲಿಲ್ಲ.

"ಓದೋದು ಒಳಗಿನವರ ಕೆಲಸ. ಬಂತು ಅಂತ ಹೇಳೋದಷ್ಟೇ ನಂದು," ಎನ್ನುತ್ತಿದ್ದಳು.

ಆದರೆ ಅವಳಿಗೆ ಹೆಮ್ಮೆಯಿದ್ದದ್ದು ಠಸ್ಸೆಯ ಬಗ್ಗೆ ಅಲ್ಲ, ಚೀಟಿಯ ಬಗ್ಗೆ. ಒಂದೇ ವಿಷಯದ ಕಾಗದಗಳನ್ನು ಸೇರಿಸಿ ದಾರದಲ್ಲಿ ಕಟ್ಟಿ, ಆ ದಾರಕ್ಕೆ ಎರಡು ಬೆರಳಗಲದ ಚೀಟಿ ಸಿಕ್ಕಿಸುವುದು ಕಚೇರಿಯ ಪದ್ಧತಿ. ಬೇರೆಯವರು ಚೀಟಿಯ ತುಂಬ ಗಿಜಿಗಿಜಿ ಬರೆಯುತ್ತಿದ್ದರು. ಇವಳದು ಒಂದೇ ಮಾತು. ಬೀದಿದೀಪದ ದೂರಾದರೆ "ದೀಪ". ಬೀದಿನಾಯಿಯದಾದರೆ "ನಾಯಿ". ಸ್ಮಶಾನದ ಜಾಗದ ತಕರಾರಾದರೆ "ಮಣ್ಣು".

"ನಾಳೆ ನಾನು ಸತ್ತರೆ ನನ್ನ ಚೀಟಿಗೆ ಏನು ಬರೀತೀಯಮ್ಮ?" ಎಂದು ಕಚೇರಿಯ ಮುದಿ ಜವಾನ ಕೇಳುತ್ತಿದ್ದ.

"ರಜೆ," ಎನ್ನುತ್ತಿದ್ದಳು ಠಸ್ಸೆಯಮ್ಮ, ತಲೆ ಎತ್ತದೆ.

ಜವಾನ ಚೀಟಿ ನೋಡುತ್ತಿದ್ದ, ಅದೇ ಹೆಸರಿನ ಬೀರುವಿನತ್ತ ನಡೆಯುತ್ತಿದ್ದ. ಇಷ್ಟು ವರ್ಷದಲ್ಲಿ ಅವಳ ಚೀಟಿ ಅವನನ್ನು ಒಮ್ಮೆಯೂ ತಪ್ಪು ಬಾಗಿಲಿಗೆ ಕಳಿಸಿರಲಿಲ್ಲ.

ಕಚೇರಿಯಲ್ಲಿ ಮಾತು ಕಡಿಮೆ. ಮನೆಯಲ್ಲಿ ಇನ್ನೂ ವಿಚಿತ್ರ. ಎರಡು ಕೋಣೆಯ ಆ ಮನೆಯಲ್ಲಿ ಅವಳೂ ಅವಳ ಅಕ್ಕನೂ ಇದ್ದರು. ಅಕ್ಕನಿಗೆ ಎಪ್ಪತ್ತಮೂರು. ದರ್ಜಿಯ ಅಂಗಡಿಯೊಂದರಲ್ಲಿ ಮೂವತ್ತು ವರ್ಷ ಅಂಗಿಗಳಿಗೆ ಕಾಜ ಹಾಕಿದವಳು. ಗುಂಡಿ ತೂರುವ ಆ ತೂತಿನ ಸುತ್ತ ಸುತ್ತಿ ಸುತ್ತಿ ದಾರ ಹಾಕಿದ ದುಡಿಮೆಯಲ್ಲೇ ತಂಗಿಯನ್ನು ಓದಿಸಿದ್ದಳು. ಆರು ವರ್ಷದ ಹಿಂದೆ ಅಕ್ಕನ ಹೊಲಿಗೆ ಮಿಷನ್ನಿನ ಸೂಜಿ ಎರಡು ಸಲ ಅವಳ ಹೆಬ್ಬೆರಳು ತೂರಿ ಆಚೆಗೇ ಬಂದಿತ್ತು. ಮೂರನೆಯ ಸಲ ಆಗುವ ಮೊದಲು, ಅಕ್ಕ ಸ್ನಾನಕ್ಕೆ ಹೋಗಿದ್ದ ಹೊತ್ತಿನಲ್ಲಿ, ತಂಗಿ ಹೊಲಿಗೆ ಮಿಷನ್ನನ್ನು ಕಚೇರಿ ಗುಡಿಸುವವಳ ಮಗಳಿಗೆ ಕೊಟ್ಟುಬಿಟ್ಟಳು. ಅಕ್ಕ ತಲೆ ಒರೆಸುತ್ತಾ ಬಂದು, ನೆಲದ ಮೇಲೆ ಮಿಷನ್ನಿನ ಕಾಲುಗಳು ಉಳಿಸಿದ್ದ ನಾಲ್ಕು ಗುರುತು ನೋಡಿದಳು. ಅವತ್ತಿನಿಂದ ತಂಗಿಯನ್ನು ನೇರವಾಗಿ ಮಾತಾಡಿಸಲೇ ಇಲ್ಲ.

ಮಾತಾಡುತ್ತಿರಲಿಲ್ಲ ಎಂದಲ್ಲ. ಗೋಡೆಗೆ, ನಲ್ಲಿಗೆ, ಒಲೆಗೆ ಹೇಳುತ್ತಿದ್ದಳು. "ಕೆಲವರಿಗೆ ಬಾಗಿಲು ಹಾಕೋಕೂ ಬರಲ್ಲ." "ಕೆಲವರು ಬಟ್ಟೆ ತಂತಿ ಮೇಲೆ ಹಾಕಿ ಮರೆತು ಕಚೇರಿಗೆ ಹೋಗ್ತಾರೆ. ಮಳೆ ಬಂದ್ರೆ ಯಾರು ತೆಗೀಬೇಕು?" ತಂಗಿಯೂ ಕಲಿತಳು. "ಕೆಲವರು ಉಪ್ಪಿನ ಡಬ್ಬಿ ಎಲ್ಲಿಟ್ರೋ ಏನೋ," ಎಂದು ಕಪಾಟಿಗೆ ಹೇಳುತ್ತಿದ್ದಳು. ಹೀಗೆ ಆರು ವರ್ಷ ಆ ಮನೆಯಲ್ಲಿ ಕೆಲವರೂ ಕೆಲವರೂ ಜಗಳವಾಡಿಕೊಂಡು ಬದುಕಿದ್ದರು.

ಅವರ ಹಿತ್ತಿಲ ಗೋಡೆಯ ಆಚೆ ಖಾಲಿ ನಿವೇಶನ. ಅದರಾಚೆ ಹಿರಿಯರ ನಿಲಯ, ಇಪ್ಪತ್ತು ಕೋಣೆಯ ಹಳದಿ ಕಟ್ಟಡ. ಖಾಲಿ ಜಾಗದಲ್ಲಿ ಇನ್ನೂ ಹನ್ನೆರಡು ಕೋಣೆ ಕಟ್ಟುತ್ತೇವೆಂದು ನಿಲಯದವರು ಪುರಸಭೆಗೆ ನಕ್ಷೆ ಕೊಟ್ಟರು. ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ಬರೆದುಕೊಡಬಹುದೆಂದು ಗೇಟಿನ ಮೇಲೆ ನೋಟೀಸು ಬಿತ್ತು. ಬೀದಿಗೆ ಬೀದಿಯೇ ಎದ್ದು ನಿಂತಿತು.

ಮುಂದೆ ನಿಂತವನು ನಿವೃತ್ತ ಸರ್ವೆಯರು. ನಡೆಯುವಾಗಲೂ ಜೇಬಿನಲ್ಲಿ ಅಳತೆ ಟೇಪು ಇಟ್ಟುಕೊಳ್ಳುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅಳತೆಯಪ್ಪ. ಅವನ ಬಲಗೈ ಎದುರಿನ ಮಹಡಿ ಮನೆಯಾಕೆ. "ಮುದುಕರಿಗೆ ಬೇರೇನು ಕೆಲಸ? ಕಿಟಕೀಲಿ ಕೂತು ನಮ್ಮನೆ ಬಚ್ಚಲ ಬಾಗಿಲು ಎಣಿಸ್ತಾರೆ," ಎಂದು ಅವಳು. "ದಿನಕ್ಕೊಂದು ಆಂಬುಲೆನ್ಸು, ವಾರಕ್ಕೊಂದು ಹೆಣ. ಇದೇನು ಬೀದಿಯೋ ಬಸ್ ಸ್ಟ್ಯಾಂಡೋ?" ಎಂದು ಅವನು. ಇಬ್ಬರೂ ಸಹಿಗೆ ಠಸ್ಸೆಯಮ್ಮನ ಮನೆಗೂ ಬಂದರು.

"ನಾನು ಕಚೇರಿಯವಳು ಸಾರ್, ಸಹಿ ಹಾಕೋ ಹಾಗಿಲ್ಲ," ಎಂದಳು.

"ಹಾಕೋ ಹಾಗಿಲ್ವೋ, ಹಾಕೋ ಮನಸ್ಸಿಲ್ವೋ?" ಎಂದು ಕೇಳಿ ಅಳತೆಯಪ್ಪ ಮೆಟ್ಟಿಲಿಳಿದ. ಮರುದಿನ ಅವಳ ಗೇಟಿನ ಮುಂದೆ ಯಾರದೋ ಮನೆಯ ಕಸದ ಗುಡ್ಡೆ ಇತ್ತು. ಅದರ ಮರುದಿನವೂ ಇತ್ತು.

*

ಮೂವತ್ತನೆಯ ದಿನ, ಕಿಂಡಿ ಮುಚ್ಚಲು ಹತ್ತು ನಿಮಿಷ ಇರುವಾಗ, ಅಳತೆಯಪ್ಪ ಮಹಡಿ ಮನೆಯಾಕೆಯನ್ನು ಹಿಂದಿಟ್ಟುಕೊಂಡು ಬಂದ. ನಲವತ್ತೊಂದು ಆಕ್ಷೇಪಣೆಗಳನ್ನು ಒಟ್ಟಿಗೆ ಕಿಂಡಿಯೊಳಗೆ ನೂಕಿದ.

"ಒಂದೊಂದಕ್ಕೂ ನಮ್ಮ ಕಣ್ಮುಂದೇ ಹಾಕಮ್ಮ. ಆಮೇಲೆ ಹಾಕ್ತೀನಿ ಅಂದ್ರೆ ನಂಬೋ ಕಾಲ ಅಲ್ಲ ಇದು."

ಠಸ್ಸೆಯಮ್ಮ ಶುರು ಮಾಡಿದಳು. ಠಪ್. ನಂಬರು. ಚೂರು. ಠಪ್.

"ಜೋರಾಗಿ ಒತ್ತಿ. ಮಸಿ ಸರಿಯಾಗಿ ಬಿದ್ದಿಲ್ಲ ಅಂತ ನಾಳೆ ಒಳಗಿನವರು ಮೂಗು ಮುರೀಬಾರದು."

"ಬಿದ್ದಿದೆ ಸಾರ್."

"ಎಲ್ಲಿ ಬಿದ್ದಿದೆ. ಒತ್ತೋಕೆ ನಿಮಗೆ ಕೈ ಯಾಕೆ ಬರುತ್ತೆ ಪಾಪ," ಎಂದು ಮಹಡಿ ಮನೆಯಾಕೆ ಕಿಂಡಿಗೆ ಮುಖ ತಂದಳು. "ಕಟ್ಟಡ ಎದ್ರೆ ನಿಮಗೇ ಅನುಕೂಲ. ನಿಮ್ಮಕ್ಕನ ಹೆಸರೇ ಮೊದಲನೇದಂತೆ ಅಲ್ಲಿ."

ಠಸ್ಸೆ ಕಾಗದದ ಮೇಲೆ ಅರ್ಧ ಅಂಗುಲ ಎತ್ತರದಲ್ಲಿ ನಿಂತಿತು.

"ಯಾರ ಹೆಸರು?"

"ಅಯ್ಯೋ, ಗೊತ್ತೇ ಇಲ್ಲ ಅನ್ನೋ ಹಾಗೆ ಕೇಳ್ತಾರೆ ನೋಡಿ! ಒಂದನೇ ಕೋಣೆ, ನಿಮ್ಮಕ್ಕನ ಹೆಸರಿಗೆ. ಅರ್ಜಿ ಕೊಟ್ಟು ಎರಡು ತಿಂಗಳಾಯ್ತಂತೆ. ಮನೆಯಲ್ಲಿರೋ ಮುದುಕೀನ ಸಾಗಹಾಕೋಕೆ ಬೀದಿನೇ ಹಾಳು ಮಾಡ್ತೀರಲ್ಲ, ನಿಮಗೆ ಹೊಟ್ಟೇಲಿ ಏನೂ ಅನಿಸಲ್ವಾ?"

ಠಸ್ಸೆಯಮ್ಮ ಉಳಿದ ಕಾಗದಗಳಿಗೆ ಠಸ್ಸೆ ಒತ್ತಿದಳು. ನಂಬರುಗಳೆಲ್ಲ ಸರಿಯಾಗಿಯೇ ಬಿದ್ದವು, ಕೈಗೆ ಅಭ್ಯಾಸ. ತಲೆಯೊಳಗೆ ಮಾತ್ರ ಒಂದೇ ಮಾತು ಸುತ್ತುತ್ತಿತ್ತು: ಎರಡು ತಿಂಗಳು. ಎರಡು ತಿಂಗಳಿಂದ ಅಕ್ಕ ನಲ್ಲಿಗೂ ಒಲೆಗೂ ಇದನ್ನು ಹೇಳಿರಲಿಲ್ಲ.

ಕಾಗದದ ಕಟ್ಟಿಗೆ ದಾರ ಸುತ್ತಿ, ಚೀಟಿ ಎತ್ತಿಕೊಂಡಳು. ಬೇರೆ ದಿನವಾಗಿದ್ದರೆ "ನಿಲಯ" ಎಂದು ಬರೆಯುತ್ತಿದ್ದಳು.

"ಏನು ಬರೀತೀರಾ ಅದರ ಮೇಲೆ?" ಅಳತೆಯಪ್ಪ ಕತ್ತು ಚಾಚಿದ. "ನೆರೆಯವರ ಆಕ್ಷೇಪಣೆ ಅಂತ ಸ್ಪಷ್ಟವಾಗಿ ಬರೀರಿ. ನಾವು ನೆರೆಯವರು. ಆ ಮಾತು ಇರ್ಬೇಕು."

ಅವಳು ಎರಡೇ ಅಕ್ಷರ ಬರೆದಳು. ನೆರೆ. ದಾರಕ್ಕೆ ಸಿಕ್ಕಿಸಿ ಬುಟ್ಟಿಗೆ ಹಾಕಿ ಕಿಂಡಿ ಎಳೆದುಕೊಂಡಳು.

*

ಸಂಜೆ ಮನೆಗೆ ಬಂದಾಗ ಅಕ್ಕ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಬಚ್ಚಲು ಹೊರಗಿತ್ತು, ನಾಲ್ಕು ಮೆಟ್ಟಿಲು ಇಳಿದು ಹೋಗಬೇಕು. ಆ ಮೆಟ್ಟಿಲಲ್ಲಿ ಅಕ್ಕ ಎರಡು ಸಲ ಬಿದ್ದಿದ್ದಳು.

ತಂಗಿ ಚಪ್ಪಲಿಯನ್ನೂ ಬಿಡದೆ ನಲ್ಲಿಯ ಮುಂದೆ ನಿಂತು ಹೇಳಿದಳು. "ಕೆಲವರು ಮನೆಯವರಿಗೆ ಹೇಳದೆ ಅರ್ಜಿ ಹಾಕ್ತಾರಂತೆ. ಬೀದಿಯವರ ಬಾಯಲ್ಲಿ ಕೇಳಬೇಕಂತೆ ಅದನ್ನ."

ಅಕ್ಕ ಎಣ್ಣೆ ಬಟ್ಟಲನ್ನು ಪಕ್ಕಕ್ಕಿಟ್ಟಳು. "ಕೆಲವರು ಕೇಳದೆ ಮಿಷನ್ ಕೊಡಬಹುದು. ಇನ್ನು ಕೆಲವರು ಕೇಳದೆ ಒಂದು ಕೋಣೆ ತಗೋಬಾರದಾ?"

"ಇಲ್ಲೇನು ಕಡಿಮೆಯಾಗಿತ್ತು ಅಂತ?"

"ಹೋದ ಸಲ ಬಿದ್ದಾಗ ಹನ್ನೊಂದು ಗಂಟೆ," ಎಂದಳು ಅಕ್ಕ ಮೆಟ್ಟಿಲಿಗೆ. "ಕೆಲವರು ಬಂದಿದ್ದು ಆರು ಗಂಟೆಗೆ. ಅಷ್ಟು ಹೊತ್ತು ಈ ಕಲ್ಲಿನ ಮೇಲೆ ಬಿದ್ದು ಇರುವೆ ಸಾಲು ನೋಡ್ತಿದ್ದೆ. ಅಲ್ಲಿ ಪ್ರತಿ ಕೋಣೇಲೂ ಒಂದು ಗಂಟೆ ಇದೆಯಂತೆ. ಎಳೆದ್ರೆ ಯಾರಾದ್ರೂ ಬರ್ತಾರಂತೆ."

ತಂಗಿಗೆ ಹೇಳಬೇಕಾದ್ದು ಬಹಳ ಇತ್ತು. ನಿವೃತ್ತಿಗೆ ಇನ್ನೆರಡೇ ವರ್ಷ ಎನ್ನಬಹುದಿತ್ತು. ಬಚ್ಚಲನ್ನು ಒಳಗೆ ಕಟ್ಟಿಸುತ್ತೇನೆ ಎನ್ನಬಹುದಿತ್ತು. ಹೋಗಬೇಡ ಎನ್ನಬಹುದಿತ್ತು, ಆದರೆ "ಹೋಗಬೇಡ" ಎನ್ನಲು "ಕೆಲವರು" ಸಾಲುವುದಿಲ್ಲ. "ನೀನು" ಬೇಕು. ಆರು ವರ್ಷದಿಂದ ಆಡದ ಆ ಮಾತು ತುಕ್ಕು ಹಿಡಿದಿತ್ತು.

"ಹೋಗೋರು ಹೋಗ್ತಾರೆ," ಎಂದಳು ನಲ್ಲಿಗೆ.

ಆಮೇಲೆ ಮೂರು ವಾರ ಅವಳು ದಿನವೂ ಒಂದೇ ಆಸೆ ಇಟ್ಟುಕೊಂಡು ಕಚೇರಿಗೆ ನಡೆದಳು. ನಲವತ್ತೊಂದು ಕಾಗದ ಒಳಗಿವೆ. ಪುರಸಭೆಯ ಅಧ್ಯಕ್ಷೆ ಓದುತ್ತಾರೆ, ನಕ್ಷೆ ತಳ್ಳಿಹಾಕುತ್ತಾರೆ, ಹನ್ನೆರಡು ಕೋಣೆ ಏಳುವುದಿಲ್ಲ, ಅಕ್ಕ ಮನೆಯಲ್ಲೇ ಉಳಿಯುತ್ತಾಳೆ. ಬೀದಿಯವರು ಅವಳನ್ನು ಕಂಡರೆ ಉಗುಳುವ ಹಾಗೆ ಮುಖ ತಿರುಗಿಸುತ್ತಿದ್ದರು. ಅಂಗಡಿಯವನು ಅವಳಿಗಿಂತ ಹಿಂದೆ ಬಂದವರಿಗೆ ಮೊದಲು ಸಾಮಾನು ಕೊಡುತ್ತಿದ್ದ. ಗೇಟಿನ ಹಲಗೆಯ ಮೇಲೆ ಯಾರೋ ಸುಣ್ಣದಲ್ಲಿ "ಮಾರಿಕೊಂಡವಳು" ಎಂದು ಬರೆದಿದ್ದರು. ಅದನ್ನು ಉಜ್ಜುವಾಗ ಅವಳಿಗೆ ನಗುವೇ ಬಂತು. ಆ ಬೀದಿಯಲ್ಲಿ ಅವರು ಗೆಲ್ಲಲಿ ಎಂದು ಅವರಷ್ಟೇ ಬಯಸಿದವಳು ಇವಳೊಬ್ಬಳೇ.

*

ಪರಿಶೀಲನಾ ಸಭೆ ಬೆಳಿಗ್ಗೆ ಹನ್ನೊಂದಕ್ಕೆ. ಪುರಸಭೆಯ ಸಭಾಂಗಣದ ಎಡಗಡೆ ಬೀದಿಯವರು, ಬಲಗಡೆ ನಿಲಯದವರು. ನಿಲಯದ ಮೇಲ್ವಿಚಾರಕಿ ಎಂಟು ಹತ್ತು ಮಂದಿ ಹಿರಿಯರನ್ನು ಕರೆತಂದಿದ್ದಳು. ಅವರ ನಡುವೆ, ಕೈಚೀಲ ಮಡಿಲಲ್ಲಿಟ್ಟುಕೊಂಡು, ಅಕ್ಕ.

ಅಧ್ಯಕ್ಷೆ ಕಡತ ತೆರೆದು ಹಾಳೆ ತಿರುವಿದರು. ಮತ್ತೆ ಹಿಂದಕ್ಕೆ ತಿರುವಿದರು.

"ನಕ್ಷೆ ಇದೆ, ಅಗ್ನಿಶಾಮಕದವರ ಪತ್ರ ಇದೆ. ಆಕ್ಷೇಪಣೆ ಒಂದೂ ಬಂದಿಲ್ಲ ಅಲ್ವಾ?"

ಎಡಗಡೆಯ ಕುರ್ಚಿಗಳೆಲ್ಲ ಒಂದೇ ಸಲಕ್ಕೆ ಕಿರುಗುಟ್ಟಿದವು.

"ಬಂದಿಲ್ವಾ? ನಲವತ್ತೊಂದು!" ಅಳತೆಯಪ್ಪ ನಂಬರಿನ ಚೂರುಗಳನ್ನು ಮುಷ್ಟಿಯಲ್ಲಿ ಹಿಡಿದು ಆಡಿಸಿದ. "ನನ್ನ ಕಣ್ಮುಂದೆ ಠಸ್ಸೆ ಬಿದ್ದಿದೆ!"

ಟಪಾಲಿನವಳನ್ನು ಕರೆಸಿದರು. ಆವಕ ಪುಸ್ತಕ ತಂದು ಅಧ್ಯಕ್ಷೆಯ ಮುಂದೆ ಬಿಚ್ಚಿಟ್ಟಳು. ನಲವತ್ತೊಂದು ನಂಬರು, ಒಂದರ ಕೆಳಗೊಂದು, ಇರುವೆ ಸಾಲಿನ ಹಾಗೆ.

"ನಂಬರಿದೆ. ಕಾಗದ ಎಲ್ಲಮ್ಮ?"

"ಒಳಗೆ ಕಳಿಸಿದ್ದೀನಿ ಮೇಡಂ."

"ಒಳಗೆ ಅಂದ್ರೆ ಯಾವ ಒಳಗೆ? ನಿಮ್ಮಕ್ಕನ ಪೆಟ್ಟಿಗೆ ಒಳಗಾ?" ಎಂದು ಮಹಡಿ ಮನೆಯಾಕೆ ಕೂಗಿದಳು. ಎಡಗಡೆ ಹೋ ಎಂದಿತು.

ಅಧ್ಯಕ್ಷೆ ಮೇಜು ಕುಟ್ಟಿದರು. "ನಂಬರಿಗೆ ನಾನು ಉತ್ತರ ಹೇಳೋಕಾಗಲ್ಲ. ಒಂದೂವರೆವರೆಗೆ ಸಮಯ ಕೊಡ್ತೀನಿ. ಕಾಗದ ಸಿಕ್ಕಿದ್ರೆ ಓದೋಣ. ಸಿಗದಿದ್ರೆ ನಕ್ಷೆ ಇದ್ದ ಹಾಗೇ ಮಂಜೂರು. ಒಪ್ಪದವರು ಮೇಲಿನ ಕಚೇರಿಗೆ ಹೋಗ್ಬಹುದು."

ಕಚೇರಿಯೆಲ್ಲ ಹುಡುಕಾಟಕ್ಕೆ ಬಿತ್ತು. ನಕ್ಷೆ ವಿಭಾಗದ ಬೀರು, ಕಟ್ಟಡ ವಿಭಾಗದ ಬೀರು, ಮೇಜಿನಡಿಯ ರಾಶಿ. ಜವಾನನನ್ನು ಕೇಳಿದರೆ, "ಚೀಟೀಲಿ ಏನಿತ್ತೋ ಅಲ್ಲಿಟ್ಟೆ. ದಿನಕ್ಕೆ ಐವತ್ತು ಕಟ್ಟು ಹೊರ್ತೀನಿ, ಎಲ್ಲದರ ಜಾತಕ ನೆನಪಿಟ್ಕೊಳ್ಳೋಕಾಗುತ್ತಾ?" ಎಂದ. ಠಸ್ಸೆಯಮ್ಮ ತನ್ನ ಚೀಟಿಯನ್ನು ನೆನಪಿಸಿಕೊಳ್ಳಲು ನೋಡಿದಳು. "ನಿಲಯ" ಎಂದೇ ಬರೆದಿರಬೇಕು. ಬೇರೆ ಏನು ಬರೆಯುತ್ತಾಳೆ?

ಪಡಸಾಲೆಯಲ್ಲಿ ಮಹಡಿ ಮನೆಯಾಕೆ ಅಡ್ಡ ನಿಂತಳು. "ಇಪ್ಪತ್ತು ವರ್ಷದಿಂದ ಎದುರುಬದುರು ಇದ್ದೀವಿ. ನೆರೆಯವರು ಅಂತ ಇಷ್ಟಾದ್ರೂ ನಾಚಿಕೆ ಬೇಡ್ವಾ ನಿಮಗೆ?"

ನೆರೆಯವರು. ಠಸ್ಸೆಯಮ್ಮನ ಬೆರಳಿಗೆ ಆ ಎರಡು ಅಕ್ಷರ ಬರೆದದ್ದು ನೆನಪಾಯಿತು, ತಲೆಗಿಂತ ಮೊದಲೇ.

ಪಡಸಾಲೆಯ ಕೊನೆಯಲ್ಲೊಂದು ಕಬ್ಬಿಣದ ಬೀರು. ಎರಡು ವರ್ಷದ ಹಿಂದೆ ದೊಡ್ಡ ಚರಂಡಿ ಉಕ್ಕಿ ತಗ್ಗಿನ ಬೀದಿಗಳಲ್ಲಿ ಸೊಂಟದುದ್ದ ನೀರು ನಿಂತಾಗ ಬಂದ ಪರಿಹಾರದ ಅರ್ಜಿಗಳೆಲ್ಲ ಅದರಲ್ಲಿದ್ದವು. ಬಾಗಿಲ ಮೇಲೆ ಬಿಳಿ ಬಣ್ಣದಲ್ಲಿ, ಮೊಳದುದ್ದದ ಅಕ್ಷರದಲ್ಲಿ ಬರೆದಿತ್ತು: ನೆರೆ.

ಅದರ ಮುಂದೆ ಹೋಗಿ ನಿಂತಳು. ಹತ್ತಿರ ಯಾರೂ ಇರಲಿಲ್ಲ. ಗೋಡೆಯ ಗಡಿಯಾರದಲ್ಲಿ ಹನ್ನೆರಡೂವರೆ. ಇನ್ನೊಂದು ಗಂಟೆ ಸುಮ್ಮನೆ ಮೇಜಿನ ಹಿಂದೆ ಕೂತರೆ ಸಾಕು, ನಕ್ಷೆ ಮಂಜೂರಾಗುತ್ತದೆ, ಅಕ್ಕ ಹೋಗುತ್ತಾಳೆ. ಈ ಬಾಗಿಲು ತೆರೆದರೆ ನಕ್ಷೆ ಬೀಳಬಹುದು, ಅಕ್ಕ ಉಳಿಯುತ್ತಾಳೆ. ಮೂರು ವಾರದಿಂದ ಅವಳು ಬಯಸಿದ್ದು ಅದನ್ನೇ. ಕೈ ಹಿಡಿಕೆಯ ಮೇಲಿತ್ತು, ತಿರುಗಿಸಲು ಮನಸ್ಸು ಬರಲಿಲ್ಲ. ಮಾಡಬೇಕಾದ ಕೆಲಸವೂ ತನಗೆ ಬೇಕಾದ ಕೆಲಸವೂ ಒಂದೇ ಆಗಿಬಿಟ್ಟರೆ ಅದನ್ನು ಮಾಡುವುದು ಹೇಗೆ ಎಂದು ಮೂವತ್ತೊಂದು ವರ್ಷದಲ್ಲಿ ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಬಿಟ್ಟರೆ ಕಳ್ಳಿ. ತೆಗೆದರೂ ಕಳ್ಳಿಯೇ, ಅದು ಅವಳೊಬ್ಬಳಿಗೆ ಗೊತ್ತಿರುವ ಕಳ್ಳತನ.

ಬಂದ ಕಾಗದ ಬಂದಿದೆ ಎಂದು ಹೇಳುವುದಷ್ಟೇ ನನ್ನ ಕೆಲಸ ಎಂದುಕೊಂಡಳು. ಹಿಡಿಕೆ ತಿರುಗಿಸಿದಳು.

ಒಳಗಿಂದ ಕೆಸರಿನ ಹಳೆಯ ವಾಸನೆ ಬಂತು. ಒದ್ದೆಯಾಗಿ ಒಣಗಿ ಉಬ್ಬಿದ್ದ ಕಟ್ಟುಗಳ ನಡುವೆ ಅವಳದೊಂದೇ ತೆಳ್ಳಗೆ, ಬೆಳ್ಳಗೆ ಇತ್ತು.

*

"ನೋಡಿ! ಬಚ್ಚಿಟ್ಟೋರಿಗೆ ತೆಗೆಯೋಕೆಷ್ಟು ಹೊತ್ತು!" ಕಟ್ಟು ಮೇಜಿನ ಮೇಲೆ ಬಿದ್ದೊಡನೆ ಅಳತೆಯಪ್ಪ ಎದ್ದ.

"ಎಲ್ಲಿತ್ತು?" ಎಂದರು ಅಧ್ಯಕ್ಷೆ.

"ನೆರೆ ಬೀರೂಲಿ ಮೇಡಂ. ಚೀಟಿ ನಂದೇ. ಚಿಕ್ಕದಾಗಿ ಬರೆದೆ. ತಪ್ಪು ನಂದು."

ಅಧ್ಯಕ್ಷೆ ಚೀಟಿ ಹಿಡಿದು ನೋಡಿದರು. ತುಟಿ ಕಚ್ಚಿಕೊಂಡರೂ ನಗು ತಡೆಯಲಾಗಲಿಲ್ಲ. "ನೆರೆಯವರನ್ನ ನೆರೆಗೆ ಹಾಕಿದ್ದೀರಲ್ಲಮ್ಮ!"

ಬಲಗಡೆಯಿಂದ ನಿಲಯದ ಮುದುಕರೊಬ್ಬರು ಟೋಪಿ ತೆಗೆದು ತಲೆ ತೋರಿಸಿದರು. "ತಲೆ ನೆರೆತವರ ವಿಷಯ ತಾಯಿ. ಚೀಟಿ ಸರಿಯಾಗೇ ಇದೆ."

ಸಭಾಂಗಣವೆಲ್ಲ ನಕ್ಕಿತು. ಎಡಗಡೆಯ ನಗು ಬೇಗ ನಿಂತಿತು. ಅಕ್ಕ ನಗಲಿಲ್ಲ. ತಂಗಿಯನ್ನೇ ನೋಡುತ್ತಿದ್ದಳು, ದಾರದ ಗಂಟು ಎಲ್ಲಿ ತಪ್ಪಿದೆಯೆಂದು ಕಾಜ ನೋಡುವ ಹಾಗೆ.

ಒಂದೊಂದಾಗಿ ಓದಿದರು. ಆಂಬುಲೆನ್ಸಿನ ಸದ್ದಿಗೆ ಅಧ್ಯಕ್ಷೆ, "ಅದು ನಿಮ್ಮನೆಗೂ ಬರುತ್ತೆ ಸ್ವಾಮಿ, ಒಂದಿನ," ಎಂದು ಪಕ್ಕಕ್ಕಿಟ್ಟರು. ಗಾಡಿ ನಿಲ್ಲಿಸುವ ಜಾಗ, ಚರಂಡಿ ಎರಡಕ್ಕೂ ನಕ್ಷೆಯಲ್ಲಿ ಉತ್ತರ ಇತ್ತು. ಉಳಿದದ್ದು ಕಿಟಕಿ. ಅಳತೆಯಪ್ಪ ಅದಕ್ಕೊಂದು ಚಿತ್ರವನ್ನೇ ಬರೆದು ಲಗತ್ತಿಸಿದ್ದ. ಪೂರ್ವದ ಗೋಡೆಯಲ್ಲಿ ಹನ್ನೆರಡು ಕಿಟಕಿ, ಪ್ರತಿಯೊಂದರಿಂದ ಯಾರ ಹಿತ್ತಿಲಿಗೆ ಎಷ್ಟು ಅಡಿ ಎಂದು ಕೆಂಪು ಗೆರೆ.

"ಗಾಳಿ ಬೆಳಕಿಗೆ ಕಿಟಕಿ ಬೇಡ್ವಾ?" ಎಂದರು ಅಧ್ಯಕ್ಷೆ ಅನುಮಾನದಲ್ಲಿ.

"ಅದನ್ನೇ ಹೇಳ್ತಿದ್ದೀನಿ ಮೇಡಂ," ಎಂದು ನಿಲಯದ ಮೇಲ್ವಿಚಾರಕಿ ಎದ್ದಳು. "ಇವರು ಹೇಳೋ ಹಾಗೆ ಯಾರೂ ಯಾರ ಮನೇನೂ ಇಣುಕಲ್ಲ. ವಯಸ್ಸಾದವರಿಗೆ ಕಿಟಕಿ ಯಾಕೆ ಬೇಕು ಅಂತ ಕೇಳಿ. ಒಂದನೇ ಕೋಣೆಯವರ ಅರ್ಜಿ ಓದ್ತೀನಿ."

"ಓದಬೇಡಮ್ಮ," ಎಂದಳು ಅಕ್ಕ. ಅವಳ ದನಿ ಸಣ್ಣದಿತ್ತು. ಮೇಲ್ವಿಚಾರಕಿ ಆಗಲೇ ಶುರು ಮಾಡಿದ್ದಳು.

"'ಒಂದನೇ ಕೋಣೆಯೇ ಬೇಕು, ಪೂರ್ವಕ್ಕೆ ಕಿಟಕಿ ಇರಬೇಕು. ಅಲ್ಲಿಂದ ನಮ್ಮ ಮನೆಯ ಹಿತ್ತಿಲು ಕಾಣುತ್ತದೆ. ನನ್ನ ತಂಗಿ ಬಟ್ಟೆ ಒಣಗಲು ಹಾಕಿ ಮರೆತು ಕಚೇರಿಗೆ ಹೋಗುತ್ತಾಳೆ. ಸಂಜೆ ಬಂದಾಗ ಅವಳ ಮನೆಯಲ್ಲಿ ದೀಪ ಹತ್ತಿತೋ ಇಲ್ಲವೋ ನೋಡುವವರು ಬೇಕು.'"

ಠಸ್ಸೆಯಮ್ಮ ಗೋಡೆಗೆ ಒರಗಿದಳು. ಆ ಅರ್ಜಿಯೂ ಅವಳ ಕಿಂಡಿಯಿಂದಲೇ, ಕೋಣೆ ಬೇಕೆಂದವರ ಪಟ್ಟಿಗೆ ಲಗತ್ತಾಗಿ ನಕ್ಷೆಯ ಜೊತೆ ಒಳಗೆ ಬಂದದ್ದು. ಬಲಮೂಲೆಯಲ್ಲಿ ಅವಳದೇ ಠಸ್ಸೆ ಇತ್ತು. ಅವಳು ಓದಿರಲಿಲ್ಲ.

ಅಳತೆಯಪ್ಪ ತೊಡೆ ತಟ್ಟಿದ.

"ನೋಡೋಕೇ ಕಿಟಕಿ! ಅವರ ಕೈಬರಹದಲ್ಲೇ ಇದೆ! ನಾನು ಹೇಳಿದ್ದು ಇನ್ನೇನು? ಇವತ್ತು ತಂಗಿ ಹಿತ್ತಿಲು, ನಾಳೆ ನಮ್ಮ ಹಿತ್ತಿಲು!"

"ಹೌದೌದು!" ಎಂದಿತು ಎಡಗಡೆ.

ಅಧ್ಯಕ್ಷೆ ಹಣೆ ಉಜ್ಜಿಕೊಂಡರು. ಮೇಲ್ವಿಚಾರಕಿ ಅರ್ಜಿಯನ್ನು ಮಡಚಿಟ್ಟಳು, ಮಡಚಿದ್ದು ತಡವಾಯಿತು. ನಕ್ಷೆಯ ಮೇಲೆ ಅಧ್ಯಕ್ಷೆ ತಮ್ಮ ಕೈಯಿಂದ ಷರಾ ಬರೆದು ಗಟ್ಟಿಯಾಗಿ ಓದಿದರು: ಹನ್ನೆರಡು ಕೋಣೆಗೂ ಮಂಜೂರಾತಿ. ಪೂರ್ವದ ಗೋಡೆಯಲ್ಲಿ ಕಿಟಕಿ ಇಡತಕ್ಕದ್ದಲ್ಲ. ಗಾಳಿಗೆ ಏಳು ಅಡಿ ಎತ್ತರದಲ್ಲಿ ಗವಾಕ್ಷಿ ಮಾತ್ರ.

ನಲವತ್ತೊಂದು ಕಾಗದದಿಂದ ಬೀದಿಗೆ ದಕ್ಕಿದ್ದು ಅಷ್ಟು. ಅವರು ಅದನ್ನೇ ಗೆಲುವೆಂದುಕೊಂಡು, ಗೆದ್ದರೂ ಹೊಟ್ಟೆಯುರಿ ಆರದೆ, ಗೊಣಗುತ್ತಾ ಹೊರಟರು.

ಪಡಸಾಲೆಯಲ್ಲಿ ಅಕ್ಕ ತಂಗಿಯ ಎದುರು ಬಂದು ನಿಂತಳು. ಅಲ್ಲಿ ನಲ್ಲಿ ಇರಲಿಲ್ಲ, ಒಲೆ ಇರಲಿಲ್ಲ.

"ನೀನೇ ಕಣೇ," ಎಂದಳು.

ಆರು ವರ್ಷದ ಮೇಲೆ ಬಂದ ಮೊದಲ "ನೀನು" ಅದು.

"ಮಿಷನ್ ಹೋಯ್ತು. ಈಗ ಕಿಟಕಿನೂ ಹೋಯ್ತು. ಒಂದು ಗಂಟೆ ಸುಮ್ಮನಿದ್ದಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ನಾನು ಹೋಗಬಾರದು ಅಂತ ತಂದೆ ಅಲ್ವಾ ಆ ಕಟ್ಟು? ಹೇಳು, ಅಲ್ವಾ?"

ಠಸ್ಸೆಯಮ್ಮ ಬಾಯಿ ತೆರೆದಳು. ಕಾಗದ ಬಂದಿತ್ತು, ಅದಕ್ಕೆ ತಂದೆ, ಎನ್ನಬಹುದಿತ್ತು. ಅದೂ ನಿಜವೇ.

"ಹೌದು," ಎಂದಳು.

ಅಕ್ಕ ಅವಳನ್ನು ಇನ್ನಷ್ಟು ಹೊತ್ತು ನೋಡಿದಳು. "ಗೋಡೆ ನೋಡ್ಕೊಂಡಾದ್ರೂ ಅಲ್ಲೇ ಇರ್ತೀನಿ," ಎಂದು ಕೈಚೀಲ ಹೆಗಲಿಗೇರಿಸಿ, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದಳು.

*

ಕಟ್ಟಡ ಏಳಲು ಹದಿಮೂರು ತಿಂಗಳು ಹಿಡಿಯಿತು. ಚೀಟಿಯಲ್ಲಿ ಇನ್ನು ಮುಂದೆ ವಿಷಯವನ್ನು ಪೂರ್ಣವಾಗಿ ಬರೆಯತಕ್ಕದ್ದು ಎಂದು ಠಸ್ಸೆಯಮ್ಮನಿಗೆ ಕಚೇರಿಯಿಂದ ಜ್ಞಾಪನ ಬಂತು. ಅವಳೇ ಅದಕ್ಕೆ ಠಸ್ಸೆ ಒತ್ತಿ ಒಳಗೆ ತೆಗೆದುಕೊಂಡಳು. ಆ ಹದಿಮೂರು ತಿಂಗಳಲ್ಲಿ ಅವಳು ಹಿತ್ತಿಲ ಮೆಟ್ಟಿಲಿಗೆ ಕಬ್ಬಿಣದ ಕೈಹಿಡಿ ಹಾಕಿಸಿದಳು. ಅಕ್ಕ ಅದನ್ನು ಮುಟ್ಟಲಿಲ್ಲ, ಮೂರನೆಯ ಸಲ ಬಿದ್ದಳು. ಮನೆಯಲ್ಲಿ ಮತ್ತೆ "ಕೆಲವರು" ಬಂದಿದ್ದರು, ಅದೂ ದಿನಕ್ಕೆ ನಾಲ್ಕೈದು ಸಲ ಮಾತ್ರ. ಗೇಟಿನ ಮುಂದೆ ಕಸ ಸುರಿಯುವುದು ನಿಂತಿತ್ತು, ಬೀದಿಯವರ ಮಾತು ಶುರುವಾಗಲಿಲ್ಲ. ನಿಲಯದವರಿಗೂ ಅವಳ ಮೇಲೆ ಸಿಟ್ಟು. ಕಟ್ಟು ತಂದವಳು ಅವಳೇ ತಾನೇ.

ಅಕ್ಕ ಹೋದ ದಿನ ತಂಗಿ ರಜೆ ಹಾಕಿದ್ದಳು. ನಿಲಯದ ಆಳು ಬಂದು ಪೆಟ್ಟಿಗೆ ಹೊತ್ತುಕೊಂಡ. ಅಕ್ಕ ಹೊಸ್ತಿಲಲ್ಲಿ ಒಂದು ಕ್ಷಣ ನಿಂತು, ಮಿಷನ್ನಿನ ಕಾಲಿನ ನಾಲ್ಕು ಗುರುತಿನ ಕಡೆ ನೋಡಿ, ಹೊರಟಳು. ಹಿತ್ತಿಲ ಗೋಡೆಯ ಆಚೆ ಹೊಸ ಕಟ್ಟಡದ ಪೂರ್ವದ ಗೋಡೆ ಬೋಳಾಗಿ ನಿಂತಿತ್ತು. ಮೇಲ್ತುದಿಯಲ್ಲಿ ಗವಾಕ್ಷಿಗಳ ಸಾಲು, ಬಲದಿಂದ ಮೊದಲನೆಯದು ಒಂದ‌ನೇ ಕೋಣೆಯದು. ಏಳು ಅಡಿ ಎತ್ತರದ ಆ ಕಿಂಡಿಯಿಂದ ಒಳಗಿದ್ದವರಿಗೆ ಕಾಣುವುದು ಆಕಾಶವೊಂದೇ.

ನಾಲ್ಕನೆಯ ದಿನ ಭಾನುವಾರ. ಮಧ್ಯಾಹ್ನ ಠಸ್ಸೆಯಮ್ಮ ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದಳು. ಬೆಳಗಿನ ಬಟ್ಟೆ ಆಗಲೇ ಒಣಗಿತ್ತು, ತೆಗೆದು ಮಡಚಿ ಒಳಗಿಟ್ಟಾಗಿತ್ತು. ತಂತಿ ಬರಿದಾಗಿತ್ತು. ಪಡುವಣದಿಂದ ಮೋಡವೊಂದು ಮೆಲ್ಲಗೆ ಮೇಲೇರಿತು.

"ಕೆಲವರು ಬಟ್ಟೆ ಹಾಕಿ ಮರೆತಿದ್ದಾರೆ," ಎಂದು ಗವಾಕ್ಷಿ ಹೇಳಿತು. ಗಟ್ಟಿಯಾದ, ಸಿಡುಕಿನ, ಗುರುತಿನ ದನಿ. "ಮೋಡ ಕಟ್ಟಿದೆ. ಕೆಲವರಿಗೆ ಕಣ್ಣು ಕಾಣಲ್ಲ."

ಠಸ್ಸೆಯಮ್ಮ ಖಾಲಿ ತಂತಿಯನ್ನು ನೋಡಿದಳು. ಬಂದದ್ದನ್ನು ಬಂದಿಲ್ಲವೆಂದು, ಇಲ್ಲದ್ದನ್ನು ಇದೆಯೆಂದು ಅವಳು ಮೂವತ್ತೆರಡು ವರ್ಷದಲ್ಲಿ ಒಂದು ಸಾಲನ್ನೂ ಬರೆದಿರಲಿಲ್ಲ. ಎದ್ದು ಒಳಗೆ ಹೋದಳು. ಮಡಚಿಟ್ಟ ಹೊದಿಕೆಯನ್ನೂ ಎರಡು ಸೀರೆಯನ್ನೂ ತಂದು, ಬಿಡಿಸಿ, ತಂತಿಯ ಮೇಲೆ ಹರವಿದಳು. ಒಂದೊಂದಕ್ಕೂ ಕ್ಲಿಪ್ಪು ಹಾಕಿದಳು, ಸದ್ದು ಬರುವ ಹಾಗೆ. ಆಮೇಲೆ ಮೊದಲನೆಯದರಿಂದ ತೆಗೆಯಲು ಶುರು ಮಾಡಿದಳು.

ಪಕ್ಕದ ಗೋಡೆಯ ಮೇಲೆ ಅಳತೆಯಪ್ಪನ ತಲೆ ಎದ್ದಿತು.

"ಒಣಗಿದ ಬಟ್ಟೆ ಯಾರಾದ್ರೂ ಒಣಗಿಸ್ತಾರೇನಮ್ಮ? ಆ ಮುದುಕಿ ಅಲ್ಲಿಂದ ಅರಚೋದು, ನೀವು ಇಲ್ಲಿ ಕುಣಿಯೋದು. ಭಾನುವಾರ ಮಧ್ಯಾಹ್ನ ಮನುಷ್ಯರು ಮಲಗೋದು ಬೇಡ್ವಾ?"

ಠಸ್ಸೆಯಮ್ಮ ಬಾಯಲ್ಲಿದ್ದ ಕ್ಲಿಪ್ಪನ್ನು ಕೈಗೆ ತೆಗೆದುಕೊಂಡಳು.

"ಬರೆದು ಕಿಂಡಿಗೆ ತನ್ನಿ ಸಾರ್. ಠಸ್ಸೆ ಹಾಕ್ತೀನಿ."

"ಇನ್ನೂ ತೆಗೆದಿಲ್ವಾ?" ಎಂದಿತು ಗವಾಕ್ಷಿ.